ಡ್ರಾಪ್ ಬೇಡ, ನಡೀತೀನಿ

ನನಗೆ ಎದೆ ನೋಯಲೇ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಸಿಕ್ಕವರೆಲ್ಲ ಕೇಳುವುದು ಅದನ್ನೇ. ಎದೆ ಹಿಂಡಿದ ಹಾಗಾಯಿತಾ, ಎಡಗೈ ಸೆಳೆಯಿತಾ, ಕಣ್ಣು ಕತ್ತಲೆ ಬಂತಾ ಅಂತ. ಅದ್ಯಾವುದೂ ಆಗಲಿಲ್ಲ. ದವಡೆ ನೋಯಿತು, ಅಷ್ಟೇ.

ಹಳೇಬೀಡಿನ ಹತ್ತಿರದ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಪಿ.ಟಿ. ಮೇಡಂ. ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಓಡಿಸುವುದು, ಓಡದವರನ್ನು ಗದರಿಸಿ ಓಡಿಸುವುದು ನನ್ನ ಕಸುಬು. ಅವತ್ತು ಹುಡುಗಿಯರ ಖೋ-ಖೋ ತಂಡಕ್ಕೆ ಅಭ್ಯಾಸ ನಡೆದಿತ್ತು. ವಿಶಲ್ ಬಾಯಿಗಿಟ್ಟು ಊದಿದರೆ ಗಾಳಿಯೇ ಹೊರಡಲಿಲ್ಲ. ಕೆಳದವಡೆಯಿಂದ ಕಿವಿಯವರೆಗೆ ಸೆಳೆತ ಶುರುವಾಯಿತು. ಹಿಂದಿನ ಹಲ್ಲೊಂದು ಹುಳುಕಾಗಿದೆ ಅಂತ ಮೊದಲೇ ಗೊತ್ತಿದ್ದರಿಂದ ಅದರದ್ದೇ ಕಾಟ ಅಂದುಕೊಂಡೆ. ಶಾಲೆ ಮುಗಿಸಿ, ಬಸ್ಸಿನಲ್ಲಿ ಬೇಲೂರಿಗೆ ಬಂದು, ಮನೆಗೂ ಹೋಗದೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ನನ್ನ ಸರದಿಗೆ ಕಾಯುತ್ತಾ ಕೂತೆ. ನನಗಿಂತ ಮುಂದೆ ಮೂರು ಜನ ಇದ್ದರು. ಹೃದಯಾಘಾತವಾಗಿರುವ ಹೆಂಗಸು, ಅಂದರೆ ನಾನು, ಹಳೇ ವಾರಪತ್ರಿಕೆ ತಿರುವಿ ಹಾಕುತ್ತಾ, ಪಕ್ಕದಲ್ಲಿ ಅಳುತ್ತಿದ್ದ ಮಗುವಿಗೆ "ಏನೂ ಆಗಲ್ಲ ಪುಟ್ಟ" ಅಂತ ಧೈರ್ಯ ಹೇಳುತ್ತಿದ್ದೆ.

ಡಾಕ್ಟರು ಒಂದೊಂದೇ ಹಲ್ಲು ತಟ್ಟಿ ನೋಡಿದರು. ಯಾವುದೂ ನೋಯಲಿಲ್ಲ. ಆಮೇಲೆ ಹಲ್ಲು ಬಿಟ್ಟು ನನ್ನ ಹಣೆ ನೋಡಿದರು.

"ಮೇಡಂ, ಫ್ಯಾನ್ ಕೆಳಗೇ ಇದ್ದೀರಿ. ಇಷ್ಟೊಂದು ಬೆವರ್ತಾ ಇದ್ದೀರಲ್ಲ?"

ಬಾಯಿ ಅಗಲಿಸಿಕೊಂಡಿದ್ದವಳು ಏನು ಹೇಳಲಿ. ಅವರು ಕೈಗವಸು ಕಿತ್ತೆಸೆದು, ಕಾಯುತ್ತಿದ್ದವರಿಗೆ ನಾಳೆ ಬನ್ನಿ ಅಂತ ಹೇಳಿ, ತಮ್ಮ ಕಾರಿನಲ್ಲೇ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಇವತ್ತು ನಾನು ಬದುಕಿ ಬರೆಯುತ್ತಿರುವುದು ಒಬ್ಬ ದಂತವೈದ್ಯರ ಕಣ್ಣಿನಿಂದ. ಇಸಿಜಿ ತೆಗೆದ ನರ್ಸು ಕಾಗದವನ್ನು ನೋಡಿದ ಮೇಲೆ ನನ್ನ ಮುಖ ನೋಡಲಿಲ್ಲ. ಒಂದು ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಹಾಸನಕ್ಕೆ ಸಾಗಿಸಿದರು.

ನಮ್ಮ ಯಜಮಾನರು ಬೇಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾರೆ. ಸುದ್ದಿ ಕೇಳಿ ಅಂಗಡಿ ಬಾಗಿಲು ಹಾಕಿಕೊಂಡು ಓಡಿ ಬಂದು ಆಂಬುಲೆನ್ಸ್ ಹತ್ತಿದ್ದರು. ದಾರಿಯುದ್ದಕ್ಕೂ ನನ್ನ ಕಾಲು ಹಿಡಿದುಕೊಂಡು ಅತ್ತರು. ಮದುವೆಯಾದ ಮೇಲೆ ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು. ನಾನು ಅವರ ಕೈಬೆರಳಿಗೆ ಅಂಟಿದ್ದ ಜೆರಾಕ್ಸ್ ಮಿಷಿನ್ನಿನ ಕಪ್ಪು ಪುಡಿಯನ್ನು ನೋಡುತ್ತಾ ಮಲಗಿದ್ದೆ. ನನ್ನ ಬಿಳಿ ಕಾಲುಚೀಲಕ್ಕೆ ಅದರ ಕಲೆಯಾಗುತ್ತಲ್ಲ, ಹೋಗುವುದು ಕಷ್ಟ, ಅನ್ನಿಸಿತು. ಬೇರೆ ಏನೂ ಅನ್ನಿಸಲಿಲ್ಲ.

ಮಣಿಕಟ್ಟಿನ ರಕ್ತನಾಳದಿಂದ ತೂರಿಸಿ ಸ್ಟೆಂಟ್ ಹಾಕಿದರು. ಎಚ್ಚರವಾಗಿಯೇ ಇದ್ದೆ. ಪರದೆಯ ಮೇಲೆ ನನ್ನದೇ ಹೃದಯ ಕಾಣುತ್ತಿತ್ತು, ಯಾರದೋ ಅನ್ನುವ ಹಾಗೆ ನೋಡಿದೆ. "ಭಯ ಆಗ್ತಿದೆಯಾ ಅಮ್ಮ?" ಅಂತ ಡಾಕ್ಟರು ಕೇಳಿದರು. ಇಲ್ಲ ಅಂದೆ. "ಗಟ್ಟಿಗಿತ್ತಿ" ಅಂದರು. ಆಮೇಲೆ ಬಂದವರೆಲ್ಲ ಅದನ್ನೇ ಅಂದರು. ಪಿ.ಟಿ. ಮೇಡಂ ಅಲ್ಲವೇ, ಗಟ್ಟಿ ಜೀವ. ಅದು ಧೈರ್ಯವಲ್ಲ ಅಂತ ಯಾರಿಗೂ ಹೇಳಲಿಲ್ಲ. ಹಲ್ಲು ಕೀಳುವ ಮುಂಚೆ ಒಸಡಿಗೆ ಸೂಜಿ ಚುಚ್ಚಿ ಮರಗಟ್ಟಿಸುತ್ತಾರಲ್ಲ, ನನ್ನ ಒಳಗಿನದೆಲ್ಲ ಹಾಗಾಗಿತ್ತು. ಬದುಕಿದ್ದಕ್ಕೆ ಸಂತೋಷವಿರಲಿಲ್ಲ, ಸಾಯಬಹುದಿತ್ತು ಅನ್ನುವುದಕ್ಕೆ ದುಃಖವಿರಲಿಲ್ಲ. ಊಟ ಕೊಟ್ಟರೆ ಉಣ್ಣುತ್ತಿದ್ದೆ. ಮಾತ್ರೆ ಕೊಟ್ಟರೆ ನುಂಗುತ್ತಿದ್ದೆ. ಈ ಕಾಯಿಲೆ ಬಂದವರಲ್ಲಿ ಕೆಲವರಿಗಾದರೂ ಹೀಗಾಗಿರಬಹುದು. ಹೆದರಿಕೆಯ ಬಗ್ಗೆ ಎಲ್ಲರೂ ಹೇಳುತ್ತಾರೆ, ಹೆದರಿಕೆ ಬಾರದೇ ಇರುವುದರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ.

ಆಸ್ಪತ್ರೆಯಿಂದ ಬಿಟ್ಟ ಮೇಲೆ ಅಣ್ಣ ಬಂದು ನನ್ನ ತವರೂರಾದ ಗಂಡಸಿಗೆ ಕರೆದುಕೊಂಡು ಹೋದ. ಬಾಣಂತಿಯನ್ನು ಕರೆದೊಯ್ಯುವ ಹಾಗೆ, ಸೀಟಿಗೆ ಕಂಬಳಿ ಹಾಸಿ, ಕಿವಿಗೆ ಸ್ಕಾರ್ಫ್ ಕಟ್ಟಿಸಿ. ಅರಸೀಕೆರೆ ತಾಲ್ಲೂಕಿನ ಊರು. ಶಿವಣ್ಣ ನನ್ನ ಒಬ್ಬನೇ ಅಣ್ಣ. ತೆಂಗಿನ ತೋಟ, ಒಂದಿಷ್ಟು ರಾಗಿ, ಎರಡು ಹಸು. ಅತ್ತಿಗೆ ಜಯಮ್ಮ ನನಗೆ ಕಡ್ಡಿ ಎತ್ತಲೂ ಬಿಡಲಿಲ್ಲ. ಉಂಡ ತಟ್ಟೆ ಎತ್ತಿಕೊಂಡರೆ ಕಿತ್ತುಕೊಳ್ಳುವಳು. "ಕೂತ್ಕೊಳೇ, ಹಾರ್ಟು ಅಲ್ಲಾಡ್ತೈತೆ" ಅನ್ನುವಳು. ನೋಡಲು ಬಂದವರು ಎಳನೀರು, ಬ್ರೆಡ್ಡು, ಮೋಸಂಬಿ ತಂದು ಕೊಟ್ಟು, ಎದುರು ಕೂತು, ಹಾರ್ಟ್ ಅಟ್ಯಾಕಿನಲ್ಲಿ ಹೋದ ತಮ್ಮ ಕಡೆಯವರ ಕಥೆ ಹೇಳಿ ಹೋಗುತ್ತಿದ್ದರು. ಒಬ್ಬರ ಭಾವಮೈದ ಮುದ್ದೆ ಮುರಿಯುತ್ತಿದ್ದವರು ಹಾಗೇ ಒರಗಿದರಂತೆ. ಇನ್ನೊಬ್ಬರ ಚಿಕ್ಕಪ್ಪ ಹಸುವಿಗೆ ಹುಲ್ಲು ಹಾಕುತ್ತಿದ್ದವರು. ಕೇಳುತ್ತಾ ಕೂತಿರುತ್ತಿದ್ದೆ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಬಂದವರಿಗೆ ಕಾಫಿ ಆಯಿತಾ ಅಂತ ನಾನು ವಿಚಾರಿಸುತ್ತಿದ್ದೆ.

ನಡಿಗೆ ಶುರು ಮಾಡಿ, ಆದರೆ ನಿಮ್ಮಿಷ್ಟ ಬಂದ ಹಾಗೆ ಮಾಡಬೇಡಿ, ಹೇಳಿಸಿಕೊಂಡು ಮಾಡಿ ಅಂತ ಹಾಸನದ ಡಾಕ್ಟರು ಅರಸೀಕೆರೆಯ ಒಬ್ಬ ಫಿಸಿಯೋಥೆರಪಿಸ್ಟರ ಹತ್ತಿರ ಕಳಿಸಿದ್ದರು. ಅಣ್ಣ ಬೈಕು ಬೇಡ ಅಂತ ಬಸ್ಸಿನಲ್ಲಿ ಕರೆದುಕೊಂಡು ಹೋದ. ಕಾಯುವ ಕೋಣೆಯಲ್ಲಿ ಎರಡು ಬೆಂಚು, ಶಬ್ದ ತೆಗೆದ ಟಿ.ವಿ. ಪಾರ್ಶ್ವವಾಯು ಹೊಡೆದ ಅಜ್ಜಿಯೊಬ್ಬರು ರಬ್ಬರ್ ಚೆಂಡನ್ನು ಹಿಸುಕಲು ಹೆಣಗುತ್ತಿದ್ದರು. ಚೆಂಡು ಜಾರಿ ನನ್ನ ಕಾಲ ಹತ್ತಿರ ಉರುಳಿತು. ಎತ್ತಿಕೊಡಲು ಬಗ್ಗಿದೆ. ಅಣ್ಣ "ಬಗ್ಗಬೇಡ, ಬಗ್ಗಬೇಡ" ಅಂತ ನನ್ನನ್ನು ತಡೆದು, ತಾನು ಬಗ್ಗಿ, ಮೇಲೇಳಲಾಗದೆ ಬೆಂಚು ಹಿಡಿದುಕೊಂಡ. ಅಜ್ಜಿ ಸೊಟ್ಟ ಬಾಯಲ್ಲೇ ನಕ್ಕರು. ನಗು ಬರಬೇಕಾದ ಜಾಗ ಅಂತ ನನಗೂ ಗೊತ್ತಾಯಿತು.

ಫಿಸಿಯೋ ನಲವತ್ತರ ಆಸುಪಾಸಿನವರು, ಗಂಟು ಮುಖ. ಹೇಳುವುದನ್ನು ಎರಡು ಸಲ ಹೇಳುವ ಜಾತಿಯಲ್ಲ.

"ಮೊದಲು ನಿಧಾನವಾಗಿ ನಡೀರಿ, ಮೈ ಬಿಸಿ ಆಗೋವರೆಗೂ. ಆಮೇಲೆ ಸ್ವಲ್ಪ ಚುರುಕು. ಎಷ್ಟು ಚುರುಕು ಅಂದ್ರೆ, ಪಕ್ಕದವರ ಹತ್ರ ಮಾತಾಡೋಕೆ ಆಗ್ಬೇಕು, ಹಾಡು ಹೇಳೋಕೆ ಆಗ್ಬಾರ್ದು. ಮುಗಿಸುವಾಗ ಮತ್ತೆ ನಿಧಾನ. ಏಕ್‌ದಂ ನಿಲ್ಲಬಾರ್ದು. ಇದು ಮುಖ್ಯ. ಊಟ ಆದ ಕೂಡಲೇ ಬೇಡ, ಬಿಸಿಲಲ್ಲಿ ಬೇಡ."

"ಸರ್, ನಾನು ಪಿ.ಟಿ. ಟೀಚರ್" ಅಂದೆ.

"ಅದಕ್ಕೇ ಬಿಡಿಸಿ ಹೇಳ್ತಿರೋದು" ಅಂದರು. "ಭಯ ಆಗುತ್ತಾ ಮೇಡಂ, ನಡೆಯೋಕೆ?"

"ಇಲ್ಲ."

"ಇಲ್ಲಿಗೆ ಬರೋರೆಲ್ಲ ಹೆದರಿರ್ತಾರೆ. ಅವರನ್ನ ಪುಸಲಾಯಿಸಿ ನಡೆಸಬೇಕು. ಅದು ಸುಲಭ. ನಿಮ್ಮಂಥವರದ್ದೇ ನನಗೆ ಯೋಚನೆ."

ಮನೆಗೆ ಬಂದು ಮಾರನೆಯ ಬೆಳಿಗ್ಗೆಯಿಂದಲೇ ನಡೆಯಲು ಹೊರಟೆ. ಆಮೇಲಿನದು ನಮ್ಮ ಕಡೆಯ ಊರುಗಳಲ್ಲಿ ನಡೆದು ನೋಡಿದವರಿಗೆ ಗೊತ್ತು. ಗಂಡಸಿಯಲ್ಲಿ ರಸ್ತೆಯ ಬದಿ ಒಬ್ಬಂಟಿ ಹೆಂಗಸು ನಡೆಯುತ್ತಿದ್ದಾಳೆ ಅಂದರೆ ಅವಳಿಗೆ ಬಸ್ಸು ತಪ್ಪಿದೆ ಅಂತಲೇ ಅರ್ಥ. ಪರಿಚಯದವರು ಕಂಡೂ ಕಾಣದ ಹಾಗೆ ಹೋದರೆ ಅದು ಮನುಷ್ಯತ್ವವಲ್ಲ. ಊರಿನ ಮಗಳನ್ನು, ಅದರಲ್ಲೂ ಹಾರ್ಟು ಆಪರೇಷನ್ ಆದವಳನ್ನು, ನಡೆಯಲು ಬಿಟ್ಟು ಹೋಗುವ ಗಂಡಸು ಆ ಊರಿನಲ್ಲಿಲ್ಲ. ಡೇರಿಗೆ ಹಾಲು ಹಾಕಲು ಹೊರಟ ಬೈಕುಗಳು ಒಂದಾದ ಮೇಲೊಂದು ನನ್ನ ಪಕ್ಕ ಬಂದು ನಿಲ್ಲುತ್ತಿದ್ದವು.

"ಎಲ್ಲಿಗೆ ಸರೋಜಕ್ಕ? ಹತ್ತು, ಬಿಟ್ಟು ಬತ್ತೀನಿ."

"ಎಲ್ಲಿಗೂ ಇಲ್ಲಪ್ಪ. ಸುಮ್ನೆ ನಡೀತಾ ಇದ್ದೀನಿ."

"ಸುಮ್ನೆ ಯಾಕೆ ನಡೀತೀಯಕ್ಕ ಇಷ್ಟು ಹೊತ್ತಿಗೇ? ಹತ್ತು, ಸಂಕೋಚ ಪಡಬ್ಯಾಡ."

"ಡಾಕ್ಟ್ರು ಹೇಳವ್ರೆ ಕಣೋ."

"ಯಾವ ಡಾಕ್ಟ್ರು ಅವ್ನು? ಹಾರ್ಟು ಆದೋರ್ನ ನಡಿ ಅಂತಾನಾ?"

ಹಾಲಿನ ಕ್ಯಾನನ್ನು ಹಿಂದಿನಿಂದ ಮುಂದಕ್ಕೆ ತೆಗೆದಿಟ್ಟು ನನಗೆ ಜಾಗ ಮಾಡಿಕೊಟ್ಟವರ ಎದುರು ಬೇಡ ಅನ್ನುವುದು ಸುಲಭವಲ್ಲ. ಎರಡು ಸಲ ಹತ್ತಿಯೂ ಬಿಟ್ಟೆ. ಒಬ್ಬ ಡೇರಿಯ ಹತ್ತಿರ ಇಳಿಸಿ ಹೋದ, ಮನೆಗೆ ಬರಲು ಇನ್ನೊಬ್ಬ ಹತ್ತಿಸಿಕೊಂಡ. ನಡಿಗೆ ಮುಗಿಯಿತಾ ಅಂತ ಅತ್ತಿಗೆ ಕೇಳಿದಳು. ಮುಗಿಯಿತು ಅಂದೆ.

ಈ ನಿಲ್ಲುವುದು ಹೊರಡುವುದರ ನಡುವೆ ನಾನೇ ಒಂದು ಘನಕಾರ್ಯ ಮಾಡಿದೆ. ಪಿ.ಟಿ. ಟೀಚರ್ ಮಾತ್ರ ಮಾಡಬಹುದಾದಂಥದ್ದು. ಇನ್ನೂರ ಇಪ್ಪತ್ತರಲ್ಲಿ ವಯಸ್ಸನ್ನು ಕಳೆದು, ಉಳಿದದ್ದರಲ್ಲಿ ಇಷ್ಟು ಪಾಲು ನಾಡಿ ಬಡಿದರೆ ವ್ಯಾಯಾಮ ಸರಿಯಾಯಿತು ಅಂತ ತರಬೇತಿಯಲ್ಲಿ ಕಲಿತದ್ದು, ವರ್ಷಗಟ್ಟಲೆ ಮಕ್ಕಳಿಗೆ ಕಲಿಸಿದ್ದು. ಮಾತಾಡಬೇಕು, ಹಾಡಬಾರದು ಅನ್ನುವುದು ನನಗೆ ಅಜ್ಜಿ ವೈದ್ಯದ ಹಾಗೆ ಕೇಳಿಸಿತ್ತು. ನಾನು ಲೆಕ್ಕ ಹಾಕಿಕೊಂಡು, ನಡೆಯುತ್ತಲೇ ಮಣಿಕಟ್ಟು ಹಿಡಿದು ನಾಡಿ ಎಣಿಸಿದೆ. ಅದು ಬೇಕಾದ ಸಂಖ್ಯೆಯ ಹತ್ತಿರಕ್ಕೂ ಬರಲಿಲ್ಲ. ಹಾಗಾದರೆ ನಡಿಗೆ ಸಾಲದು ಅಂತ ಜೋರು ಮಾಡಿದೆ. ಮತ್ತೆ ಎಣಿಸಿದೆ. ಬರಲಿಲ್ಲ. ಇನ್ನೂ ಜೋರು. ಉಸಿರು ಸಿಗುತ್ತಿರಲಿಲ್ಲ, ಕಾಲು ಸೋಲುತ್ತಿತ್ತು. ಬೇರೆ ಯಾರಾದರೂ ಹೆದರಿ ನಿಧಾನ ಮಾಡುತ್ತಿದ್ದರು. ನನಗೆ ಹೆದರಿಕೆ ಅನ್ನುವುದೇ ಇರಲಿಲ್ಲವಲ್ಲ. ದೇಹ ಕೂಗಿಕೊಳ್ಳುತ್ತಿದ್ದರೂ ಅದು ಪಕ್ಕದ ಮನೆಯವರ ಗಲಾಟೆ ಅನ್ನುವ ಹಾಗೆ ನಡೆದೆ.

ಅಷ್ಟರಲ್ಲಿ ಮುಂದೆ ಒಂದು ಸ್ಕೂಟರ್ ನಿಂತಿತು. ನಮ್ಮ ಹೈಸ್ಕೂಲಿನ ನಿವೃತ್ತ ಮೇಷ್ಟ್ರು. ನನಗೆ ಗಣಿತ ಕಲಿಸಿದವರು. ಅವರ ಎದುರು ನಡೆಯುತ್ತಲೇ ಮಾತಾಡುವುದುಂಟೇ. ತಟ್ಟನೆ ನಿಂತೆ. ಕಾಲು ಜೋಡಿಸಿ, ನೆಟ್ಟಗೆ, ಹಾಲ್ಟ್ ಅಂದಾಗ ನನ್ನ ಮಕ್ಕಳು ನಿಲ್ಲುವ ಹಾಗೆ. "ನಮಸ್ಕಾರ ಸರ್" ಅಂದದ್ದು ನೆನಪಿದೆ. ಆಮೇಲೆ ರಸ್ತೆ ಬದಿಯ ಮಣ್ಣು ನನ್ನ ಕೆನ್ನೆಗೆ ತಣ್ಣಗೆ ತಾಗಿದ್ದು. ಮೇಷ್ಟ್ರು ಸ್ಕೂಟರನ್ನು ಹಾಗೇ ಬಿಟ್ಟು "ಅಯ್ಯೋ ಸರೋಜ, ಅಯ್ಯೋ ಮಗಳೇ" ಅಂತ ಕೂಗುತ್ತಿದ್ದರು. ಅವರಿಗೆ ತೊಂದರೆಯಾಯಿತಲ್ಲ ಅಂದುಕೊಂಡೆ. ನನ್ನ ಬಗ್ಗೆ ಏನೂ ಅಂದುಕೊಳ್ಳಲಿಲ್ಲ.

ಇಸಿಜಿ ಸರಿಯಾಗಿಯೇ ಬಂತು. ಮೊಣಕೈ ತರಚಿತ್ತು. ಅರಸೀಕೆರೆಯ ಫಿಸಿಯೋ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು.

"ನಿಮಗೆ ಕೊಟ್ಟಿರೋ ಮಾತ್ರೆ ಇರೋದೇ ಎದೆ ಬಡಿತ ಏರದ ಹಾಗೆ ಹಿಡಿಯೋಕೆ ಮೇಡಂ. ನೀವು ಓಡಿದ್ರೂ ನಾಡಿ ಆ ಸಂಖ್ಯೆ ಮುಟ್ಟಲ್ಲ. ನೀವು ಸುಸ್ತಾಗಿ ಬೀಳ್ತೀರಿ ಅಷ್ಟೇ. ಅದಕ್ಕೇ ಮಾತು, ಹಾಡು ಅಂತ ಹೇಳಿದ್ದು. ಇನ್ನು ಓಡ್ತಾ ಇದ್ದೋರು ತಟ್ ಅಂತ ನಿಂತ್ರೆ ರಕ್ತ ಕಾಲಲ್ಲೇ ಉಳಿಯುತ್ತೆ, ತಲೆಗೆ ಬರೋಲ್ಲ. ನೀವು ಮಕ್ಕಳನ್ನ ಓಡಿಸಿ ಏನ್ಮಾಡ್ತೀರಿ?"

"ವಿಶಲ್ ಹೊಡೆದು ನಿಲ್ಲಿಸ್ತೀನಿ."

ಅವರು ಮುಂದಿನ ವಾರಗಳಿಗೆ ಎಷ್ಟೆಷ್ಟು ನಡೆಯಬೇಕು ಅಂತ ಹೇಳಿ, ಜೊತೆಗೊಬ್ಬರು ಇರಲೇಬೇಕು ಅಂತ ಅಣ್ಣನ ಕಡೆ ನೋಡಿದರು. ಜೊತೆಗಿರುವವರ ಹತ್ತಿರ ಮಾತಾಡಲು ಕಷ್ಟವಾದರೆ ನಿಧಾನ ಮಾಡುವುದು. ಅಷ್ಟೇ ನಿಯಮ.

ಅಣ್ಣ ಮಾರನೆಯ ದಿನ ಡೇರಿಯ ಮುಂದೆ ನಿಂತು ಹಾಲು ಹಾಕಲು ಬಂದವರಿಗೆಲ್ಲ ಹೇಳಿದನಂತೆ. "ನಮ್ ಸರೋಜಂಗೆ ಯಾರೂ ಡ್ರಾಪ್ ಕೊಡಂಗಿಲ್ಲ ಕಣ್ರಪ್ಪೋ. ನಿಲ್ಸಂಗೂ ಇಲ್ಲ. ಮಾತಾಡ್ಸಂಗಿದ್ರೆ ಇಳ್ದು ಜೊತ್ಗೆ ನಡ್ಕಂಡು ಮಾತಾಡಿ." ಆಮೇಲೆ ಬೈಕುಗಳು ನನ್ನ ಪಕ್ಕ ಬಂದು ವೇಗ ಇಳಿಸಿ, "ನಡೀಯಕ್ಕ, ನಡಿ" ಅಂತ ಹೇಳಿ ಮುಂದೆ ಹೋಗುತ್ತಿದ್ದವು. ಒಂದಿಬ್ಬರು ನಿಜವಾಗಿಯೂ ಇಳಿದು, ಬೈಕು ತಳ್ಳಿಕೊಂಡು ಜೊತೆಗೆ ನಡೆದರು. ಮೇಷ್ಟ್ರು ಸ್ಕೂಟರ್ ಮನೆಯಲ್ಲೇ ಬಿಟ್ಟು ಬರತೊಡಗಿದರು. ನನ್ನ ವೇಗವನ್ನು ಅವರ ಮಾತೇ ನಿಗದಿ ಮಾಡುತ್ತಿತ್ತು. ಅವರ ಪ್ರಶ್ನೆಗಳಿಗೆ ಪೂರ್ತಿ ವಾಕ್ಯದಲ್ಲಿ ಉತ್ತರ ಕೊಡಬೇಕು, ಅರ್ಧಂಬರ್ಧ ಹೇಳಿದರೆ ಒಪ್ಪುವವರಲ್ಲ. ವಾರ ಕಳೆದಂತೆ ದೂರ ಹೆಚ್ಚಿತು. ರಾಗಿ ಹೊಲ ದಾಟಿ ಸೇತುವೆಯವರೆಗೂ ಹೋಗಿ ಬರುವಂತಾದೆ. ಕಾಲಿಗೆ ಬಲ ಬಂತು, ನಿದ್ದೆ ಬಂತು, ಬಟ್ಟೆ ಒಗೆಯಲು ಅತ್ತಿಗೆ ಬಿಟ್ಟಳು. ಪರೀಕ್ಷೆ ಮಾಡಿದ ಡಾಕ್ಟರು ಚೆನ್ನಾಗಿದೆ ಅಂದರು. ಎಲ್ಲರೂ ಖುಷಿಪಟ್ಟರು. ದೇಹ ಹಿಂದಿರುಗಿ ಬಂದಿತ್ತು, ನಾನು ಬಂದಿರಲಿಲ್ಲ. ಯಜಮಾನರು ಭಾನುವಾರ ಬೇಲೂರಿನಿಂದ ಬಂದು ಎದುರು ಕೂತಾಗ, ಇವರು ಪಾಪ ಒಳ್ಳೆಯವರು, ಇವರಿಗೆ ಏನಾದರೂ ಹೇಳಬೇಕು ಅನ್ನಿಸುತ್ತಿತ್ತು. ಮಾತು ಹುಡುಕುತ್ತಿದ್ದೆ. ಅಂಗಡಿ ಹೇಗಿದೆ ಅಂತ ಕೇಳುತ್ತಿದ್ದೆ.

ಇನ್ನೇನು ಬೇಲೂರಿಗೆ ಹೊರಡಬೇಕು ಅನ್ನುವ ಹೊತ್ತಿಗೆ ಅಣ್ಣ ಬಾಯಿಬಿಟ್ಟ. ನಾನು ಹಾಸನದ ಐಸಿಯುನಲ್ಲಿದ್ದಾಗ ಅರಸೀಕೆರೆ ಪಕ್ಕದ ಬೆಟ್ಟದ ಮೇಲಿರುವ ಮಾಲೇಕಲ್ಲು ತಿಮ್ಮಪ್ಪನಿಗೆ ಹರಕೆ ಹೊತ್ತಿದ್ದನಂತೆ. ತಂಗಿ ಉಳಿದರೆ, ಅವಳನ್ನು ಉಪವಾಸದಲ್ಲೇ ಬರಿಗಾಲಲ್ಲಿ ಬೆಟ್ಟ ಹತ್ತಿಸುತ್ತೇನೆ ಅಂತ. ನನ್ನ ಕಾಲಿನ ಮೇಲೆ ಇವನ ಹರಕೆ. ಫಿಸಿಯೋಗೆ ಫೋನು ಮಾಡಿ ಕೇಳಿದೆ.

"ಸಮತಟ್ಟು ರಸ್ತೆ ಬೇರೆ, ಬೆಟ್ಟದ ಮೆಟ್ಟಿಲು ಬೇರೆ. ಅದರ ಮೇಲೆ ಉಪವಾಸ ಅಂತೀರಿ. ಈಗಲೇ ಬೇಡ" ಅಂದರು.

ಅಣ್ಣ ಯೋಚಿಸಿದ. "ಹೋಗ್ಲಿ ಬಿಡು. ಹೊತ್ತಿದ್ದು ನಾನಲ್ವಾ? ನಾನೇ ಹತ್ತಿ ತೀರಿಸ್ತೀನಿ. ನೀನು ಕೆಳ್ಗಿಂದ್ಲೇ ಕೈ ಮುಗಿ."

ಶನಿವಾರ ಅತ್ತಿಗೆಯೂ ಸೇರಿ ಮೂವರೂ ಹೋದೆವು. ಅಣ್ಣ ಬೆಳಗಿನಿಂದ ನೀರೂ ಮುಟ್ಟಿರಲಿಲ್ಲ. ಪಂಚೆ ಎತ್ತಿಕಟ್ಟಿ, ಬಿಸಿಲೇರುವ ಮುಂಚೆ ಮುಗಿಸಿ ಬರುತ್ತೇನೆ ಅಂತ ಮೊದಲ ಮೆಟ್ಟಿಲುಗಳನ್ನು ಹುಡುಗರ ಹಾಗೆ ದಾಪುಗಾಲಿನಲ್ಲಿ ಹತ್ತಿದ. ಅರವತ್ತು ದಾಟಿದವನು, ಹೊಟ್ಟೆ ಬೇರೆ. ನಾನೂ ಅತ್ತಿಗೆಯೂ ಕೆಳಗೆ ಮರದ ನೆರಳಿನಲ್ಲಿ ನಿಂತು ನೋಡುತ್ತಿದ್ದೆವು. ಭಕ್ತರ ನಡುವೆ ಅವನ ಬಿಳಿ ಬನಿಯನ್ ಮೇಲೆ ಮೇಲೆ ಹೋಗುವುದು ಕಾಣುತ್ತಿತ್ತು.

ಆಮೇಲೆ ಅದು ನಿಂತಿತು. ಅಣ್ಣ ಮೆಟ್ಟಿಲ ಪಕ್ಕದ ಬಂಡೆಗೆ ಕೈ ಊರಿದ. ಕುಸಿದು ಕೂತ. ತಲೆ ಮೊಣಕಾಲಿನ ನಡುವೆ ಇಳಿಯಿತು. ಹತ್ತುತ್ತಿದ್ದವರು ಇಬ್ಬರು ನಿಂತು ಬಗ್ಗಿ ನೋಡತೊಡಗಿದರು.

"ಅಣ್ಣಾ!" ಅಂತ ಕೂಗಿದೆ. ಮೈದಾನದ ಆ ತುದಿಗೆ ಕೇಳಿಸುವ ಗಂಟಲು ನನ್ನದು, ಆದರೂ ಅವನು ತಲೆ ಎತ್ತಲಿಲ್ಲ. ಮೆಟ್ಟಿಲ ಕಡೆ ಓಡಿದೆ. ನಾಲ್ಕಾರು ಮೆಟ್ಟಿಲು ಹತ್ತಿಯೂ ಬಿಟ್ಟೆ. ಆಗ ನನಗೆ ನನ್ನ ಹೃದಯ ಗೊತ್ತಾಯಿತು. ಪರದೆಯ ಮೇಲಿನದಲ್ಲ, ಮಾತ್ರೆಯದ್ದಲ್ಲ. ಬಡಿಯುತ್ತಿತ್ತು. ಇದು ನಿಂತರೆ ನಾನು ಹೋದೆ, ನಿಜವಾಗಿಯೂ ಹೋದೆ, ಅಣ್ಣನನ್ನೂ ಯಜಮಾನರನ್ನೂ ಮತ್ತೆ ನೋಡುವುದಿಲ್ಲ ಅಂತ ಆ ಕ್ಷಣಕ್ಕೆ ತಿಳಿಯಿತು. ಕಾಲು ತಾನಾಗಿಯೇ ನಿಧಾನವಾಯಿತು. ಮೇಲೆ ಅಣ್ಣ, ಒಳಗೆ ಇದು. ಎರಡಕ್ಕೂ ಹೆದರಿ ಕಂಬಿ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿದು ಬಂದೆ. ಕೆಳಗಿನಿಂದಲೇ ಮತ್ತೆ ಮತ್ತೆ ಕೂಗಿದೆ. ಯಾರೋ ಪುಣ್ಯಾತ್ಮರು ಅವನಿಗೆ ನೀರು ಕುಡಿಸಿದರು. ಅವನು ಮುಖಕ್ಕೂ ಚಿಮುಕಿಸಿಕೊಂಡು, ನಮ್ಮ ಕಡೆ ಕೈಯೆತ್ತಿ ಆಡಿಸಿದ. ಸ್ವಲ್ಪ ಹೊತ್ತು ಕೂತಿದ್ದು, ಅವರ ತೋಳು ಹಿಡಿದು ಇಳಿಯತೊಡಗಿದ.

"ಏನೂ ಇಲ್ಲ ಕಣವ್ವ, ನೀರಿಲ್ದೆ ತಲೆ ಸುತ್ತು ಬಂತು ಅಷ್ಟೇ" ಅಂದ ಬಂದವನೇ. "ಅರ್ಧಕ್ಕೇ ಇಳ್ದು ಬಂದ್ನಲ್ಲ. ತಿಮ್ಮಪ್ಪ ಏನಂತಾನೋ."

"ತಿಮ್ಮಪ್ಪಂಗೆ ನಾನು ಹೇಳ್ಕತೀನಿ. ನೀನು ನಾಳೆನೇ ಹಾರ್ಟು ತೋರಿಸ್ಬೇಕು. ಈಗ ಕೂತ್ಕೋ. ಬಾಯಿ ಮುಚ್ಕಂಡು ಕೂತ್ಕೋ" ಅಂತ ಗದರಿದೆ. ಗದರುತ್ತಲೇ ಅಳು ಬಂತು. ನಿಲ್ಲಿಸಲು ಆಗಲಿಲ್ಲ. ಹಾಸನದ ದಾರಿಯಲ್ಲಿ, ಆಸ್ಪತ್ರೆಯಲ್ಲಿ, ಮಣ್ಣಿನಲ್ಲಿ ಬಿದ್ದಿದ್ದಾಗ ಬಾರದೇ ಇದ್ದದ್ದೆಲ್ಲ ಒಟ್ಟಿಗೇ ಬಂತು. ಬೆಟ್ಟಕ್ಕೆ ಬಂದವರು ತಿರುಗಿ ನೋಡಿಕೊಂಡು ಹೋಗುತ್ತಿದ್ದರು. ಅತ್ತಿಗೆ ಗಾಬರಿಯಾಗಿ ನನ್ನ ಎದೆಯ ಮೇಲೆ ಕೈಯಿಟ್ಟಳು.

"ಏನಾಯ್ತೇ? ನೋಯ್ತೈತಾ? ಗಾಡಿಗೆ ಫೋನ್ ಮಾಡ್ಲಾ?"

"ನೋಯ್ತಾ ಇಲ್ಲ. ಭಯ ಆಯ್ತೈತೆ. ನಂಗೆ ಸಾಯಕ್ಕೆ ಇಷ್ಟ ಇಲ್ಲ ಅತ್ತಿಗೆ."

ಅತ್ತಿಗೆ ಕೈ ತೆಗೆದಳು. ತನ್ನ ಸೆರಗಿನ ತುದಿಯನ್ನು ನನ್ನ ಕೈಗೆ ತುರುಕಿದಳು.

"ಮತ್ತಿನ್ಯಾರಿಗೆ ಇಷ್ಟ ಐತೆ? ಮೂಗು ಒರೆಸ್ಕೋ."